ಹೋಗ್ತೀನಿ ಅನ್ನಬಾರದ ಮನೆ

ನಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಎಲ್ಲರೂ ಬರುತ್ತಿದ್ದರು. ಅಪ್ಪ ಎತ್ತು ಹೊಡೆದುಕೊಂಡು ಹೊಲದ ಹಾದಿ ಹಿಡಿದಾಗ ಅವನ ಬೆನ್ನು ಮನೆಗೆ, ಮುಖ ಹೊಲಕ್ಕೆ. ಬಾಯಿ ಮಾತ್ರ "ಬರ್ತೀನಿ" ಅನ್ನುತ್ತಿತ್ತು. ಅವ್ವ ಕೊಡ ಹೊತ್ತು ಕೆರೆಯ ಕಡೆ ಹೊರಟರೆ "ಬರ್ತೀನಿ". ಮೂರು ದಿನ ಉಂಡು, ನಾಲ್ಕನೆಯ ದಿನ ಬುತ್ತಿ ಕಟ್ಟಿಸಿಕೊಂಡು ತಮ್ಮೂರ ಬಸ್ಸು ಹಿಡಿಯಲು ಓಡುವ ಬೀಗರೂ "ಬರ್ತೀವ್ರಿ" ಎಂದೇ ಓಡುತ್ತಿದ್ದರು. ಇದು ಇಡೀ ನಾಡಿನ ರೂಢಿ, ನಮ್ಮ ಮನೆಯದೊಂದೇ ಅಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಕಾನೂನಾಗಿತ್ತು, ಆ ಕಾನೂನಿಗೆ ಒಬ್ಬ ಫೌಜದಾರರೂ ಇದ್ದರು. ಅಪ್ಪನ ತಾಯಿ, ನನ್ನ ಆಯಿ. ಆಯಿಯ ಪ್ರಕಾರ "ಹೋಗ್ತೀನಿ" ಎನ್ನುವ ಹಕ್ಕು ಇರುವುದು ಒಬ್ಬರಿಗೇ. ಅವರಿಗೆ ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅವರನ್ನು ನಾಲ್ಕು ಮಂದಿ ಹೊತ್ತಿರುತ್ತಾರೆ.

ಅಂಥ ಮನೆಯಲ್ಲಿ ನಾನೊಬ್ಬಳು ದಿನಾ ಬೆಳಿಗ್ಗೆ ಪಾಟಿಚೀಲ ಹೆಗಲಿಗೇರಿಸಿ, ಹೊಸ್ತಿಲ ಮೇಲೆ ನಿಂತು, ಗಟ್ಟಿ ದನಿಯಲ್ಲಿ "ಹೋಗ್ತೀನಿ" ಎನ್ನುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು.

"ಬರ್ತೀನಿ ಅನಬೇ, ಖೋಡಿ!"

"ಸಾಲಿಗೆ ಹೊಂಟೀನಿ ಆಯಿ. ಹೋಗೂದಕ್ಕ ಹೋಗೂದು ಅಂತಾರ."

"ಹೋಗಿ ಬರ್ತೀನಿ ಅಂದ್ರ ನಾಲಿಗಿ ಸವೀತೈತೇನು?"

"ಬರೂದು ಸಂಜಿಕ. ಸಂಜಿಕ ಬಂದು, ಬಂದೀನಿ ಅಂತ ಹೇಳ್ತೀನಲ್ಲ?"

"ಯಾವ ಗಳಿಗ್ಯಾಗ ಇದರ ಬಾಯಿಗೆ ಬೆಲ್ಲಾ ಇಟ್ನೋ ನನ್ನಪ್ಪಾ! ಬಾ, ಲಗೂನ ಬಾ ಸಂಜಿಕ!"

ಆ ಕೊನೆಯ "ಬಾ" ಅನ್ನು ಆಯಿ ಎಂದೂ ಬಿಡುತ್ತಿರಲಿಲ್ಲ. ನಾನು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಒಳಗಿನಿಂದಲೇ ಪೂರ್ತಿ ಮಾಡಿ, ಮತ್ತೆ ರೊಟ್ಟಿಗೆ ಕೈ ಹಾಕುತ್ತಿದ್ದಳು. ನಾಲ್ಕನೆಯ ವರ್ಷದಿಂದ ಹನ್ನೊಂದನೆಯ ವರ್ಷದವರೆಗೆ ಈ ಜಗಳ ನಡೆಯಿತು. ನಾನೇಕೆ ಹಾಗೆ ಹೇಳುತ್ತಿದ್ದೆ ಎಂದು ಯಾರಾದರೂ ಕೇಳಿದ್ದರೆ ಕಾರಣ ನನಗೂ ಗೊತ್ತಿರಲಿಲ್ಲ. ಮೊದಮೊದಲು ಅಭ್ಯಾಸ ಇದ್ದಿರಬೇಕು, ಆಮೇಲೆ ಹಟ. ಕಾರಣ ಗೊತ್ತಿಲ್ಲದ ಪಕ್ಷವನ್ನೇ ಅತಿ ಜೋರಾಗಿ ಸಮರ್ಥಿಸಿಕೊಳ್ಳುತ್ತೇವೆ ಎಂಬುದನ್ನು ನಾನು ಮುಂದೆ ಕಾಲೇಜಿನ ಚರ್ಚಾಕೂಟಗಳಲ್ಲಿ ಬೇಕಾದಷ್ಟು ಸಲ ನೋಡಿದೆ. ಹೊಸ್ತಿಲ ಮೇಲೆ ಮೊದಲೇ ಕಲಿತಿದ್ದೆ.

ನಮ್ಮದು ನವಲಗುಂದದ ಕಡೆಯ ಎರೆನೆಲದ ಊರು. ಮಣ್ಣಿನ ಮಾಳಿಗೆಯ ಮನೆ: ಮುಂದೆ ದನ, ನಡುವೆ ಪಡಸಾಲೆ, ಪಡಸಾಲೆಯ ನೆಲದಡಿ ಜೋಳದ ಹಗೇವು, ಹಿಂದೆ ಕತ್ತಲ ಅಡುಗೆಮನೆ. ಬೆಳಕು ಬರುತ್ತಿದ್ದದ್ದು ಮಾಳಿಗೆಯ ಕಿಂಡಿಯಿಂದ. ಆ ಕಿಂಡಿ ಕೆಳಗೆ ಬಿಸಿಲಿನ ಒಂದು ಚೌಕವನ್ನು ಬೀಳಿಸುತ್ತಿತ್ತು. ನಾನು ಅದರೊಳಗೆ ಕೂತು ಓದುತ್ತಿದ್ದೆ, ಅದು ಸರಿದಂತೆ ನಾನೂ ಸರಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ದನದ ಗೋದಲಿ ಮುಟ್ಟುತ್ತಿತ್ತು, ನನ್ನ ಪುಸ್ತಕದ ಅಂಚನ್ನು ಎತ್ತು ಮೂಸುತ್ತಿತ್ತು. ಊಟವೆಂದರೆ ರೊಟ್ಟಿ, ಜುಣಕ, ಗುರೆಳ್ಳು ಚಟ್ನಿ, ಮೊಸರು. ಅನ್ನ ಹಬ್ಬಕ್ಕೆ ಮಾತ್ರ. ನಾಲ್ಕು ವರ್ಷದವಳಾಗಿ ಈ ಮನೆಗೆ ಬಂದ ಮೊದಲ ದಿನ ನಾನು ತಾಟನ್ನು ಹಿಂದಕ್ಕೆ ತಳ್ಳಿ "ಗಂಜಿ" ಎಂದೆನಂತೆ. ಆಯಿ ಹಣೆ ಬಡಿದುಕೊಂಡು, "ಭತ್ತದ ದೇಶದಿಂದ ಬಂದೈತಿ ಇದು, ಇದರ ಹೊಟ್ಟಿ ತುಂಬಸಾಕ ಹೊಲಾ ಮಾರಬೇಕು" ಎಂದಳಂತೆ. ಕಲಘಟಗಿ ನಮ್ಮ ಊರಿಂದ ಎರಡು ಬಸ್ಸಿನ ದೂರ. ಆಯಿಗೆ ಅದು ದೇಶಾಂತರ. ಅಲ್ಲಿ ಮಣ್ಣು ಕೆಂಪು, ಮನೆಗೆ ಹೆಂಚು, ಉಣ್ಣುವುದು ಅಕ್ಕಿ. ಇನ್ನೇನು ಬೇಕು ಬೇರೆ ದೇಶ ಎನ್ನಲು?

ಆ ದೇಶದ ಒಂದು ಅನಾಥಾಶ್ರಮದಿಂದ ನನ್ನನ್ನು ತಂದಿದ್ದರು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವ್ವನಿಗೆ ಮಕ್ಕಳಾಗಿರಲಿಲ್ಲ. ನನ್ನ ಹಿಂದೆ ಯಾವ ಕುಲ, ಯಾವ ತಾಯಿ ಎಂಬುದು ಆಶ್ರಮಕ್ಕೂ ಗೊತ್ತಿರಲಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ನನ್ನ ನೀರಿನ ತಂಬಿಗೆ ಬೇರೆ ಇತ್ತು. ಗೋದಲಿಯ ಬಾಜು ಗೂಡಿನಲ್ಲಿ ಇರುತ್ತಿತ್ತು. ಐನೋರನ್ನು ಕರೆಸಿ ಕೊರಳಿಗೆ ಲಿಂಗ ಕಟ್ಟಿಸಿದ ಮೇಲೆ ತಂಬಿಗೆ ಒಳಗೆ ಬಂತು. ಲಿಂಗ ಕಟ್ಟಿದವರ ಕುಲ ಕೇಳಬಾರದು ಎಂದು ಆಯಿ ಮುಂದೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಳು. ಹಾಗಾದರೆ ಮೂರು ತಿಂಗಳು ಕೇಳಿದ್ದು ಯಾರು ಎಂದು ನಾನು ಹತ್ತನೆಯ ವರ್ಷಕ್ಕೆ ಕೇಳಿದೆ. ಉತ್ತರ ಬರಲಿಲ್ಲ, ಲಟ್ಟಣಿಗೆ ಬಂತು, ಗುರಿ ತಪ್ಪಿತು.

ಹೆಸರಿಡುವ ಶಾಸ್ತ್ರ ತೊಟ್ಟಿಲಿನಲ್ಲೇ ಆಗಬೇಕು ಎಂಬುದು ಆಯಿಯ ಇನ್ನೊಂದು ಕಾನೂನು. ಗೌಡರ ಮನೆಯಿಂದ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಹೊರಿಸಿಕೊಂಡು ಬಂದರು. ನಾಲ್ಕು ವರ್ಷದ, ಓಡಾಡುವ, ಮಾತಾಡುವ ಹುಡುಗಿಯನ್ನು ಅದರಲ್ಲಿ ಮಲಗಿಸಿದರು. ನನಗೆ ನೆನಪಿರುವುದು ಮೊಣಕಾಲು ಗದ್ದಕ್ಕೆ ತಾಗಿದ್ದು, ಮೇಲೆ ತೂಗುತ್ತಿದ್ದ ಹಸಿರು ಗಿಣಿ. ಉಳಿದದ್ದು ಕೇಳಿದ್ದು. ಅಪ್ಪನ ತಂಗಿ, ಅಣ್ಣಿಗೇರಿಯ ಅತ್ತಿ, ಬಗ್ಗಿ ಕಿವಿಯಲ್ಲಿ "ಕುರ್ರ್" ಎಂದು "ನೀಲವ್ವ" ಎಂದಳು. ನಾನು ಎದ್ದು ಕೂತು, "ಅಲ್ಲ, ಶಾಂತಾ" ಎಂದೆ. ಹೆಣ್ಣುಮಕ್ಕಳೆಲ್ಲ ನಕ್ಕು, ಶಾಸ್ತ್ರದ ಪ್ರಕಾರ ಅತ್ತಿಯ ಬೆನ್ನಿಗೆ ಗುದ್ದಿದರು. ಅತ್ತಿ ಮತ್ತೆ ಬಗ್ಗಿ "ನೀಲವ್ವ" ಎಂದಳು. ನಾನು ಮತ್ತೆ "ಶಾಂತಾ". ಐದಾರು ಸಲ ಹೀಗಾಗಿ, ಕೊನೆಗೆ ಅತ್ತಿಯೇ ಸೋತಳು.

"ಯವ್ವಾ, ನನ್ನ ಬೆನ್ನ ಮುರೀತು. ಇದಕ್ಕ ಏನರ ಅನ್ರಿ, ನಾ ಒಲ್ಲೆ!"

ಹೆಸರು ಮಾತ್ರ ನೀಲವ್ವ ಎಂದೇ ಉಳಿಯಿತು. ನನ್ನ ಮೊದಲ ಚರ್ಚೆಯಲ್ಲಿ ನಾನು ಗೆದ್ದು ಸೋತೆ.

ಚರ್ಚೆ ಕಲಿಸಿದವರು ಊರ ಶಾಲೆಯ ಮಾಸ್ತರರು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಯುವ ಮುಂಚೆ ಅರ್ಧ ತಾಸು ಮಕ್ಕಳನ್ನು ಎರಡು ಸಾಲಾಗಿ ಕೂಡಿಸುತ್ತಿದ್ದರು. ಹಳ್ಳಿ ಮೇಲೋ ಪಟ್ಟಣ ಮೇಲೋ, ಎತ್ತು ಮೇಲೋ ಟ್ರ್ಯಾಕ್ಟರ್ ಮೇಲೋ. ಈ ವಾರ ಪರವಾಗಿ ಮಾತಾಡಿದವರು ಮುಂದಿನ ವಾರ ಅದರ ವಿರುದ್ಧ ಮಾತಾಡಬೇಕು. ಮಾಸ್ತರರ ಸೂತ್ರ ಒಂದೇ: ಎದುರಿನವರು ಏನು ಹೇಳಿದರು ಎಂಬುದಷ್ಟೇ ಅಲ್ಲ, ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟರೋ ಎಂದು ನೋಡಬೇಕು. ಈ ಸೂತ್ರವನ್ನು ಮನೆಗೆ ತಂದ ಮೇಲೆ ನನಗೆ ಮನೆ ಬೇರೆ ಥರ ಕಾಣತೊಡಗಿತು. ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. "ಇವತ್ತೇನು ಪಲ್ಲೆ" ಎಂದರೆ "ಕೈ ತೊಳಕೋ" ಎನ್ನುತ್ತಿದ್ದರು. "ನಾನು ಯಾರ ಮಗಳು" ಎಂದರೆ "ಎಣ್ಣಿ ಹಚ್ತೀನಿ ಬಾ" ಎನ್ನುತ್ತಿದ್ದರು.

ಹನ್ನೊಂದನೆಯ ವರ್ಷಕ್ಕೆ ನನಗೆ ತಮ್ಮ ಹುಟ್ಟಿದ. ಹದಿನಾರು ವರ್ಷದ ಮೇಲೆ ಅವ್ವನಿಗೆ ಹೊಟ್ಟೆಯ ಮಗು. ಊರ ಹೆಣ್ಣುಮಕ್ಕಳೆಲ್ಲ ಇದು ನನ್ನ ಕಾಲ್ಗುಣ ಎಂದರು. ಕಾಲ್ಗುಣ ಏಳು ವರ್ಷ ತಡವಾಗಿ ಕೆಲಸ ಮಾಡುತ್ತದೆಯೇ ಎಂದು ನಾನು ಕೇಳಿದೆ. ಅವ್ವ ಬಾಣಂತಿ ಕೋಣೆಯಲ್ಲಿ ಇದ್ದಳು, ಬಾಗಿಲಿಗೆ ಕಂಬಳಿ, ಒಳಗೆ ಕೆಂಡದ ಕಾವು, ಲೋಬಾನದ ಹೊಗೆ. ನಾನು ಹೊರಗೆ ಬಿಸಿಲ ಚೌಕದಲ್ಲಿ ಕೂತು ಲೆಕ್ಕ ಹಾಕಿದೆ. ಮಕ್ಕಳಿಲ್ಲದ್ದಕ್ಕೆ ಇವರು ನನ್ನನ್ನು ತಂದರು. ಈಗ ಮಗುವಿದೆ. ಆದ್ದರಿಂದ? ಆ "ಆದ್ದರಿಂದ"ದ ಮುಂದೆ ಬರೆಯಬೇಕಾದ ವಾಕ್ಯ ಒಂದೇ ಇತ್ತು. ಮಾಸ್ತರರು ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ಸಾಕ್ಷಿಗಳೂ ಒಂದೊಂದಾಗಿ ಬಂದವು. ಗಂಡು ಹುಟ್ಟಿದರೆ ಆಶ್ರಮಕ್ಕೆ ಒಂದು ಚೀಲ ಬಿಳಿಜೋಳ ಮುಟ್ಟಿಸುತ್ತೇನೆಂದು ಆಯಿ ಹರಕೆ ಹೊತ್ತಿದ್ದಳು. ಗೌಡರ ತೊಟ್ಟಿಲು ಇನ್ನು ಬೇಡ, ನಮ್ಮದೇ ಇರಲಿ ಎಂದು ಅಪ್ಪ ಕಲಘಟಗಿಯಲ್ಲಿ ಹೊಸದೊಂದನ್ನು ಮಾಡಲು ಹೇಳಿದ್ದ. ಸುಗ್ಗಿ ಮುಗಿದು, ತೊಟ್ಟಿಲಾಗಿದೆ ಎಂಬ ಕಾರ್ಡು ಬಂದಾಗ ಎರಡೂ ಕೆಲಸ ಒಂದೇ ದಿನ ಮಾಡುವುದೆಂದಾಯಿತು. ಹೋಗುವವರು ಅಪ್ಪ, ಆಯಿ, ನಾನು. ನಾನೇಕೆ? "ನೀನೂ ನಿನ್ನ ದೇಶಾ ನೋಡಿದಂಗ ಆಕ್ಕತಿ" ಎಂದಳು ಆಯಿ. ಹಿಂದಿನ ದಿನ ಅವಳು ಒಂದು ಗಂಟು ಕಟ್ಟುತ್ತಿದ್ದಳು. ಇಣುಕಿದೆ. ಅದರಲ್ಲಿ ನನ್ನ ಬಟ್ಟೆಗಳಿದ್ದವು. ಹಳೆಯವು ಇದ್ದವು, ಸರಿ. ಆದರೆ ಹೋದ ದೀಪಾವಳಿಗೆ ಹೊಲಿಸಿದ ನೀಲಿ ಪರಕಾರವೂ ಇತ್ತು.

"ಅದು ನನಗ ಇನ್ನೂ ಬರ್ತೈತಿ."

"ಮೊಣಕಾಲ್ ಕಾಣ್ತಾವ. ಗಂಟ ಮುಟ್ಟಬ್ಯಾಡ."

ಒಂದು ಚೀಲ ಜೋಳ, ಒಂದು ಗಂಟು ಬಟ್ಟೆ, ಒಬ್ಬ ಹುಡುಗಿ ಆ ಕಡೆಗೆ. ಒಂದು ತೊಟ್ಟಿಲು ಈ ಕಡೆಗೆ. ನನಗೆ ಅಳು ಬರಲಿಲ್ಲ. ಲೆಕ್ಕ ತಾಳೆಯಾದಾಗ ಬರುವ ಒಂದು ತಣ್ಣಗಿನ ಸಮಾಧಾನ ಇರುತ್ತದಲ್ಲ, ಅದು ಬಂತು. ರಾತ್ರಿ ಉಣ್ಣಲಿಲ್ಲ, ಹೊಟ್ಟೆ ನೋವು ಎಂದೆ.

ಬೆಳಿಗ್ಗೆ ಹೊರಡುವಾಗ ಅವ್ವ ಕಂಬಳಿ ಸರಿಸಿ ಒಳಗೆ ಕರೆದಳು. ನನ್ನ ತಲೆಗೆ ಎಣ್ಣೆ ಒತ್ತಿ, ಜಡೆ ಹಾಕಿ, ಗದ್ದ ಹಿಡಿದು, "ಹುಷಾರ್ ಹೋಗಿ ಬಾ" ಎಂದಳು. ಆ "ಬಾ" ನನ್ನ ಲೆಕ್ಕ ತಪ್ಪು ಎನ್ನುವುದಕ್ಕೆ ಸಾಕ್ಷಿಯೋ ಎಂದು ಚಕ್ಕಡಿಯಲ್ಲಿ ಕೂತು ಯೋಚಿಸಿದೆ. ಅಲ್ಲ. ಮದುವೆಯಾಗಿ ಗಂಡನ ಮನೆಗೆ ಹೋಗುವವಳಿಗೂ, ದಂಡಿಗೆ ಹೋಗುವವನಿಗೂ ಅದನ್ನೇ ಹೇಳುತ್ತಾರೆ. ಎಲ್ಲರಿಗೂ ಹೇಳುವ ಮಾತಿನಿಂದ ಒಬ್ಬರ ಬಗ್ಗೆ ಏನೂ ಸಿದ್ಧವಾಗುವುದಿಲ್ಲ.

ನವಲಗುಂದದಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಹುಬ್ಬಳ್ಳಿಯಿಂದ ಕಲಘಟಗಿಗೆ ಇನ್ನೊಂದು. ಜೋಳದ ಚೀಲ ಮೇಲೆ, ಗಂಟು ಆಯಿಯ ತೊಡೆಯ ಮೇಲೆ. ಹುಬ್ಬಳ್ಳಿಯ ನಿಲ್ದಾಣದ ಗೋಡೆಗೆ ಕುಟುಂಬ ಯೋಜನೆಯ ದೊಡ್ಡ ಕೆಂಪು ತ್ರಿಕೋನ ಬರೆದಿದ್ದರು, ಬಾಜು ಅಪ್ಪ, ಅವ್ವ, ಎರಡು ಮಕ್ಕಳ ನಗುವ ಮುಖ. ಎರಡು. ನಾನು ಆ ಗೋಡೆಯನ್ನು ಬಹಳ ಹೊತ್ತು ನೋಡಿದೆ. ಸರಕಾರದ ಪ್ರಕಾರ ನಮ್ಮ ಮನೆಯಲ್ಲಿ ಇನ್ನೂ ಜಾಗವಿತ್ತು.

"ಅಪ್ಪಾ, ಸರಕಾರ ಎರಡು ಮಕ್ಕಳು ಇರ್ಲಿ ಅಂತೈತಿ."

ಅಪ್ಪ ಗೋಡೆ ನೋಡಿ, ನಾಚಿ, ತಲೆ ಕೆಳಗೆ ಹಾಕಿದ. "ಹೊತ್ತಾತು, ಬಸ್ ಹತ್ತು."

ಕಲಘಟಗಿ ಸಮೀಪಿಸಿದಂತೆ ಗಿಡಗಳು ಹೆಚ್ಚಾದವು. ಭತ್ತ ಕೊಯ್ದ ಗದ್ದೆಗಳು, ಅಲ್ಲಲ್ಲಿ ಕಬ್ಬು, ಆಚೆ ಕಾಡಿನ ಕಪ್ಪು ಗೆರೆ. ನಮ್ಮ ಕಡೆ ಮಾಳಿಗೆ ಹತ್ತಿದರೆ ನಾಲ್ಕು ಊರು ಕಾಣುತ್ತವೆ. ಇಲ್ಲಿ ಮುಂದಿನ ತಿರುವೂ ಕಾಣದು. ಆಯಿ ಸೆರಗು ಬೀಸಿಕೊಂಡು ಚಡಪಡಿಸಿದಳು.

"ಏಟ್ ಗಿಡಾ ಅದಾವೋ ಯಪ್ಪಾ! ಎದುರಿನ ಊರ ಕಾಣವಲ್ದು. ಈ ಮಂದಿ ಉಸಿರ ಹ್ಯಾಂಗ ಆಡ್ತಾರ?"

ಹುಟ್ಟಿದ ನೆಲ ಕಂಡಾಗ ಎದೆ ಉಬ್ಬಿ ಬರುತ್ತದೆ ಎಂದು ನಮ್ಮ ಪಠ್ಯದಲ್ಲಿತ್ತು. ನನಗೂ ಉಸಿರು ಕಟ್ಟಿದಂತೆಯೇ ಆಗಿತ್ತು. ನಾನು ಆ ವಿಷಯದಲ್ಲಿ ಪೂರ್ತಿ ಎರೆನೆಲದವಳು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಕಲಘಟಗಿಯಲ್ಲಿ ಬಾಡಿಗೆ ಚಕ್ಕಡಿ ಮಾಡಿಕೊಂಡು ದೇವಿಕೊಪ್ಪದ ಹಾದಿಯಲ್ಲಿ ಆಶ್ರಮ ಸೇರಿದೆವು. ಉದ್ದನೆಯ ಹೆಂಚಿನ ಮನೆ, ಮುಂದೆ ಅಂಗಳ, ಅಂಗಳಕ್ಕೆ ಕಬ್ಬಿಣದ ಗೇಟು. ಮಕ್ಕಳು ಸಾಲಾಗಿ ಕೂತು ಗಂಜಿ ಕುಡಿಯುತ್ತಿದ್ದರು. ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಎತ್ತರದ, ತಲೆ ನೆರೆತ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಹೆಂಗಸು. ನಾನು ಅವಳ ಮುಖದಲ್ಲಿ ಏನಾದರೂ ನೆನಪಾಗುತ್ತದೆಯೋ ಎಂದು ನೋಡಿದೆ. ಅವಳು ನನ್ನ ಮುಖದಲ್ಲಿ ಅದನ್ನೇ ಹುಡುಕುತ್ತಿದ್ದಳು. ಇಬ್ಬರಿಗೂ ಏನೂ ಸಿಗಲಿಲ್ಲ. ಏಳು ವರ್ಷದ ಹಿಂದೆ ಇಲ್ಲಿಂದ ಒಯ್ದ ಶಾಂತಾ ಇವಳೇ, ಈಗ ಮನೆಯಲ್ಲಿ ಗಂಡು ಹುಟ್ಟಿದೆ, ಹರಕೆಯ ಜೋಳ ತಂದಿದ್ದೇವೆ ಎಂದು ಆಯಿ ಹೇಳಿದಳು.

"ಯಾವ ಶಾಂತಾರಿ? ಆವಾಗ ನಮ್ಮಲ್ಲಿ ಮೂರು ಶಾಂತಾ ಇದ್ರು. ಕರಿ ಶಾಂತಾ, ಸಣ್ಣ ಶಾಂತಾ, ಅಳೂ ಶಾಂತಾ. ಇಕಿ ಯಾವಾಕಿ?"

ಆಯಿಗೆ ಸಿಟ್ಟು ಬಂತು. "ಇಕಿ ಅಳೂದಿಲ್ರಿ. ಅಳಸ್ತಾಳ. ಇಂಥಾಕಿನ್ನ ಹ್ಯಾಂಗ ಮರತ್ರಿ?"

"ಏಸ್ ಮಂದಿನ್ನ ನೆಪ್ಪಿಡೂಣ್ರಿ ಯವ್ವಾ? ಹ್ವಾದವ್ರನ್ನ ಮರತ್ರ ಇದ್ದವ್ರನ್ನ ನೋಡಬಹುದು."

ಅಪ್ಪ ಮತ್ತು ಚಕ್ಕಡಿಯವನು ಚೀಲ ಇಳಿಸಿದರು. ಆಯಿ ಗಂಟು ಬಿಚ್ಚಿದಳು. ಆರೇಳು ವರ್ಷದ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಬಂದು ನನ್ನ ನೀಲಿ ಪರಕಾರ ಎತ್ತಿಕೊಂಡು, ಅಲ್ಲೇ ತನ್ನ ಬಟ್ಟೆಯ ಮೇಲೆಯೇ ಹಾಕಿಕೊಂಡಳು. ಅದು ಅವಳ ಪಾದದ ಕೆಳಗೂ ಇಳಿಯಿತು. ನನಗಿನ್ನೂ ಬರುತ್ತಿತ್ತು ಎಂಬುದು ಅಲ್ಲಿ ನಿಂತ ಎಲ್ಲರಿಗೂ ಕಾಣುವಂತಿತ್ತು.

ಆಗ ದೊಡ್ಡಕ್ಕ ಅಪ್ಪನ ಹತ್ತಿರ ಬಂದಳು. ದನಿ ತಗ್ಗಿಸಲಿಲ್ಲ. ದಿನಾ ಕೇಳುವ ಪ್ರಶ್ನೆಯಂತೆ ಕೇಳಿದಳು.

"ಗಂಡು ಹುಟ್ಟೈತಿ ಅಂದ್ರಿ. ಹುಡುಗಿನ್ನ ಬಿಟ್ಟು ಹೋಗಾವ್ರೇನ್ರಿ? ಹಂಗಿದ್ರ ಈಗ ಹೇಳ್ರಿ, ಒಂದ್ ಚಾಪಿ ನೋಡಬೇಕು."

ಅವಳ ಮಾತಿನಲ್ಲಿ ದೂಷಣೆ ಇರಲಿಲ್ಲ. ಹಾಗೆ ಬಿಟ್ಟು ಹೋದವರನ್ನು ಅವಳು ಕಂಡಿರಬೇಕು. ನನಗೆ ಆಶ್ಚರ್ಯವಾಗಲಿಲ್ಲ, ನನ್ನ ಲೆಕ್ಕವನ್ನು ಇನ್ನೊಬ್ಬರೂ ಹಾಕಿದ್ದರು, ಅಷ್ಟೆ. ನಾನು ಅಪ್ಪನನ್ನು ನೋಡಿದೆ. ಅಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ. ಹೊಲದಲ್ಲಿ ಎತ್ತಿನೊಂದಿಗೆ ಮಾತಾಡುವಷ್ಟೂ ಮನುಷ್ಯರೊಂದಿಗೆ ಮಾತಾಡದವನು ಅವನು.

"ಅಪ್ಪಾ, ಅವ್ರು ಕೇಳಿದ್ದಕ್ಕ ಉತ್ತರಾ ಕೊಡು," ಎಂದೆ.

"ನಾವು... ಜ್ವಾಳಾ ಕೊಡಾಕ ಬಂದೇವ್ರಿ," ಎಂದ ಅಪ್ಪ ದೊಡ್ಡಕ್ಕನಿಗೆ.

ಅದು ಬೇರೆ ಪ್ರಶ್ನೆಯ ಉತ್ತರ. ಬಟ್ಟೆ ಹಂಚುತ್ತಿದ್ದ ಆಯಿ ತಿರುಗಿ, ಏನು ವಿಷಯ ಎಂದು ಕೇಳಿದಳು. ನಾನೇ ಹೇಳಿದೆ.

"ನನ್ನ ಇಲ್ಲೇ ಬಿಡ್ತೀರೇನಂತ ಕೇಳಾಕತ್ತಾರ ಆಯಿ."

ಆಯಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಯಾಕ, ಮನಿ ಸಾಕಾತೇನ್ ನಿನಗ?"

ಇದೂ ಉತ್ತರವಲ್ಲ. ಪ್ರಶ್ನೆಗೆ ಪ್ರಶ್ನೆ. ನಾನು ಇನ್ನೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ಅವಳು ಮತ್ತೆ ಬಟ್ಟೆಯ ಗಂಟಿನ ಕಡೆ ತಿರುಗಿದಳು. ದೊಡ್ಡಕ್ಕ ಜೋಳ ಅಳೆಯುವುದಕ್ಕೆ ಒಳಗೆ ಹೋದಳು. ಅಪ್ಪ ಚಕ್ಕಡಿಯವನ ಹತ್ತಿರ ನಿಂತು ಬೀಡಿ ಹಚ್ಚಿದ. ನಾನು ಆಶ್ರಮದ ಕಟ್ಟೆಯ ಮೇಲೆ ಕೂತು, ಎಲ್ಲಿ ಮಲಗಬಹುದು ಎಂದು ಒಳಗಿನ ನೆಲ ನೋಡಿಟ್ಟುಕೊಂಡೆ. ಕಿಟಕಿಯ ಬಾಜು ಬೆಳಕಿತ್ತು, ಓದಲು ಆಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಆಯಿ ಎದ್ದು ಸೆರಗು ಕೊಡವಿ ನನ್ನ ರಟ್ಟೆ ಹಿಡಿದಳು. ಎಬ್ಬಿಸಲೋ, ಒಳಗೆ ತಳ್ಳಲೋ ಎಂದು ಮೊದಲ ಹೆಜ್ಜೆಯವರೆಗೂ ನನಗೆ ಗೊತ್ತಾಗಲಿಲ್ಲ. ಗೇಟಿನ ಕಡೆ ನಡೆದಳು. ಅಪ್ಪ ಮುಂದೆ. ದೊಡ್ಡಕ್ಕ ಬೀಗ ತೆಗೆಯಲು ಬಂದಳು, ಹಿಂದೆ ಮಕ್ಕಳೆಲ್ಲ ಬಂದರು. ಆಯಿ ಕೈ ಮುಗಿದು, ಜನ್ಮದಲ್ಲಿ ಸಾವಿರ ಸಲ ಹೇಳಿದ್ದನ್ನೇ ಹೇಳಿದಳು.

"ಬರ್ತೀವ್ರಿ."

ಮಕ್ಕಳ ಗದ್ದಲ ನಿಂತಿತು. ನೀಲಿ ಪರಕಾರದವಳು ದೊಡ್ಡಕ್ಕನ ಸೀರೆ ಜಗ್ಗಿದಳು.

"ದೊಡ್ಡಕ್ಕಾ, ಈ ಅಕ್ಕ ಮತ್ತ ಬರ್ತಾಳಂತ. ಎಲ್ಲಿ ಮಕ್ಕೋತಾಳ?"

ದೊಡ್ಡಕ್ಕ ಬೀಗದ ಮೇಲಿಂದ ಕೈ ತೆಗೆದಳು. "ಹಂಗ ಅನಬ್ಯಾಡ್ರಿ ಯವ್ವಾ. ನಮ್ಮಲ್ಲಿ ಹಂಗ ಅನ್ನಾಕ ಬಿಡೂದಿಲ್ಲ. ಹಿಂದಕ ಒಂದ್ ಹುಡುಗ ಬರ್ತೀನಿ ಅಂದು ಹ್ವಾದ, ಹದಿನೈದ ದಿನದಾಗ ಅವನ್ನ ತಂದು ಬಿಟ್ಟ್ರು. ಆವಾಗಿಂದ ಯಾವ ಕೂಸು ಹ್ವಾದ್ರೂ, ಹೋಗ್ತೀನಿ ಅನ್ನೂದು ಬಾಯಿಪಾಠ ಮಾಡಸ್ತೀವಿ. ಅದು ಅಂದ ಮ್ಯಾಲ ಗೇಟ್ ತಗೀತೀವಿ. ಇಕಿಗೂ ಕಲಿಸಿರ್ತೀವಿ."

ಆಯಿಯ ಕೈ ಇನ್ನೂ ನನ್ನ ರಟ್ಟೆಯ ಮೇಲಿತ್ತು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ಏಳು ವರ್ಷದ ಬೆಳಗುಗಳನ್ನು ಅವಳು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವಂತೆ ನನಗೆ ಕಂಡಿತು. ಇದು ನನ್ನ ಊಹೆ, ಸಾಕ್ಷಿಯಿಲ್ಲ.

"ಇದಕ್ಕೇನ್ ಬೇ ನೀನು...?"

"ನನಗ ನೆಪ್ಪಿಲ್ಲ ಆಯಿ," ಎಂದೆ. ಅದು ನಿಜ.

ಗೇಟು ಇನ್ನೂ ಮುಚ್ಚಿತ್ತು. ಆಯಿ ಒಂದು ಕೈಯಿಂದ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡಳು. ತುಟಿ ಒಣಗಿತ್ತು, ಒಮ್ಮೆ ನೆಕ್ಕಿಕೊಂಡಳು. ಅವಳ ಬಾಯಿಂದ ಆ ಮಾತು ಅಲ್ಲಿಯವರೆಗೆ ಬಂದಿರಲಿಲ್ಲ, ಅದು ನನಗೆ ಖಾತ್ರಿ. ಆ ಮಾತು ಆಡಿದವರು ತಿರುಗಿ ಮನೆ ನೋಡುವುದಿಲ್ಲವೆಂದು ಅವಳು ಪೂರ್ತಿಯಾಗಿ ನಂಬಿದ್ದಳು. ಮನೆಯಲ್ಲಿ ಎರಡು ತಿಂಗಳ ಮೊಮ್ಮಗ ಇದ್ದ.

"ಹೋಗ್ತೀವ್ರಿ," ಎಂದಳು ಆಯಿ. ದನಿ ಅಷ್ಟು ಗಟ್ಟಿ ಬೇಕಿರಲಿಲ್ಲ. "ನಾನು, ನನ್ನ ಮಗಾ, ನನ್ನ ಮೊಮ್ಮಗಳು. ಮೂರೂ ಮಂದಿ ಹೋಗ್ತೀವಿ. ಇಕಿ ಮತ್ತ ಬರಂಗಿಲ್ಲ."

"ಹೋಗ್ರೀ!" ಎಂದು ಮಕ್ಕಳೆಲ್ಲ ಒಂದೇ ರಾಗದಲ್ಲಿ ಕೂಗಿದರು. ಅದೂ ಅವರ ಬಾಯಿಪಾಠ. ಆಯಿ ಏಟು ಬಿದ್ದವಳಂತೆ ಕಣ್ಣು ಮುಚ್ಚಿಕೊಂಡಳು. ದೊಡ್ಡಕ್ಕ ಬೀಗ ತೆಗೆದಳು.

ಇದರ ಮೇಲೆ ನಾನು ಆಮೇಲೆ ಎರಡೂ ಕಡೆಯಿಂದ ವಾದ ಮಾಡಿದ್ದೇನೆ. ಆಯಿ ನನ್ನ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದಳು ಎನ್ನಬಹುದು. ಮಗನನ್ನು ಕೂಸು ಬಿಟ್ಟು ಹೋಗುವವನೆಂದು ಕಂಡವರು ತಿಳಿದದ್ದು ಅವಳ ಮಾನಕ್ಕೆ ತಾಗಿತ್ತು, ಆದ್ದರಿಂದ ಹೇಳಿದಳು ಎಂದೂ ಅನ್ನಬಹುದು. ಹೇಳದೆ ಆ ಹೆಂಗಸು ಗೇಟು ತೆಗೆಯುತ್ತಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂಬುದು ಮೂರನೆಯ ವಾದ. ಕಾಲೇಜಿನ ದಿನಗಳಲ್ಲಿ ನನಗೆ ಇದೇ ಬಹಳ ಹಿಡಿಸಿತ್ತು. ಯಾವುದಕ್ಕೂ ಪೂರ್ತಿ ಸಾಕ್ಷಿ ಇಲ್ಲ. ನಾನು ಕಂಡದ್ದು ಇಷ್ಟು: ಚಕ್ಕಡಿ ಹತ್ತಿದ ಮೇಲೆ ಆಯಿ ಅಪ್ಪನಿಗೆ, "ನಮ್ಮೂರು ಯಾವ ದಿಕ್ಕಿಗೈತೋ?" ಎಂದು ಕೇಳಿದಳು. ಅಪ್ಪ ಸೂರ್ಯ ನೋಡಿ ಈಶಾನ್ಯಕ್ಕೆ ಕೈ ತೋರಿಸಿದ. ಆಯಿ ಆ ಕಡೆ ತಿರುಗಿ ಕೂತು, ತುಟಿಯಲ್ಲೇ "ಬರ್ತೀವಿ, ಬರ್ತೀವಿ, ಬರ್ತೀವಿ" ಎಂದಳು. ಕಲಘಟಗಿ ಬರುವವರೆಗೂ ಚಕ್ಕಡಿ ಎತ್ತ ತಿರುಗಿದರೂ ಅವಳು ಈಶಾನ್ಯ ಬಿಡಲಿಲ್ಲ.

ತೊಟ್ಟಿಲು ಮಾಡುವವನ ಅಂಗಡಿಯಲ್ಲಿ ಅರಗಿನ ವಾಸನೆ ಇತ್ತು. ನಮ್ಮ ತೊಟ್ಟಿಲು ಕೆಂಪು, ಹಳದಿ, ಹಸಿರಿನಲ್ಲಿ ಹೊಳೆಯುತ್ತಿತ್ತು. ಬಸ್ಸಿಗಾಗಿ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಗೋಣಿತಟ್ಟಿನಲ್ಲಿ ಸುತ್ತುವ ಮುಂಚೆ ಅವನು ಕುಂಚ ತೋರಿಸಿ ಕೇಳಿದ.

"ತಲಿ ಕಡೆ ಹಲಿಗಿ ಮ್ಯಾಲ ಕೂಸಿನ ಹೆಸರು ಬರೀಲೇನ್ರಿ?"

ಅಪ್ಪ ಹೇಳುವವನಿದ್ದ. ಆಯಿ ತಡೆದಳು.

"ಹೆಸರು ಬ್ಯಾಡ. ನಾಳಿ ಇಕಿ ಚೊಚ್ಚಲಕ್ಕೂ ಇದ ತೊಟ್ಟಿಲಾ ಕಳಸಬೇಕು. ತವರಿಂದ ತೊಟ್ಟಿಲಾ ಹೋಗೂದಿಲ್ಲೇನು? ಅವಾಗ ಮಾಮಾನ ಹೆಸರು ಇದ್ರ ಬೀಗರು ಏನಂದಾರು? ಹಳೇದ ಕಳಿಸ್ಯಾರ ಅಂತಾರ."

ಹನ್ನೊಂದು ವರ್ಷದವಳ ಮದುವೆಯನ್ನು ನನ್ನನ್ನು ಕೇಳದೆಯೇ ನಿಶ್ಚಯಿಸಿದ್ದಕ್ಕೆ, ಮೇಲೆ ಹಳೆಯ ತೊಟ್ಟಿಲನ್ನು ಹೊಸದೆಂದು ದಾಟಿಸುವ ಅಪ್ರಾಮಾಣಿಕತೆಗೆ, ಅಲ್ಲೇ ಆಕ್ಷೇಪ ಎತ್ತಬಹುದಿತ್ತು. ಎತ್ತಲಿಲ್ಲ. ಹೆಸರು ಬರೆಯುವ ಪ್ರಶ್ನೆಗೆ ಬಂದ ಉತ್ತರ ನನ್ನ ಪ್ರಶ್ನೆಗೂ ಹೊಂದುತ್ತದೆಯೇ ಎಂದು ನೋಡುತ್ತಿದ್ದೆ. ತೊಟ್ಟಿಲ ಮೇಲೆ ತೂಗಿಬಿಡುವ ಮರದ ಗಿಣಿಯನ್ನು ತಟ್ಟಿನಲ್ಲಿ ಕಟ್ಟಿದರೆ ಕೊಕ್ಕು ಮುರಿಯುತ್ತದೆಂದು ನನ್ನ ಕೈಗೆ ಕೊಟ್ಟರು. ನವಲಗುಂದದವರೆಗೂ ಅದು ನನ್ನ ತೊಡೆಯ ಮೇಲಿತ್ತು. ಹುಬ್ಬಳ್ಳಿ ದಾಟಿ ಗಿಡಗಳು ಮುಗಿದು, ಕಪ್ಪು ಬಯಲು ತೆರೆದುಕೊಂಡು, ದೂರದ ಊರುಗಳು ಒಂದೊಂದಾಗಿ ಕಂಡಾಗ ಆಯಿಯೂ ನಾನೂ ಒಟ್ಟಿಗೆ ಉಸಿರು ಬಿಟ್ಟೆವು. ಅವಳು ನನ್ನನ್ನು ನೋಡಿದಳು.

ಮನೆ ತಲುಪಿದಾಗ ತಮ್ಮ ಅಳುತ್ತಿದ್ದ. ಆಯಿ ಕಾಲು ತೊಳೆಯದೆ ಅಂಗಳದಿಂದಲೇ "ಕೂಸು ಹ್ಯಾಂಗೈತಿ?" ಎಂದು ಕೂಗಿ, ಅವ್ವ "ಹಸದೈತ್ರಿ" ಎಂದ ಮೇಲೆ ಒಳಗೆ ಬಂದಳು. ರಾತ್ರಿ ರೊಟ್ಟಿಯ ಮುಂದೆ ಕೂತಾಗ ಅವ್ವನಿಗೆ ಅಪ್ಪ ಬಸ್ಸಿನ ಕತೆ ಹೇಳಿದ, ತೊಟ್ಟಿಲಿನ ಕತೆ ಹೇಳಿದ. ಗೇಟಿನ ಕತೆಯನ್ನು ಮೂವರೂ ಹೇಳಲಿಲ್ಲ.

ಮರುದಿನ ಪಾಟಿಚೀಲ ಹಾಕಿಕೊಂಡು ಹೊಸ್ತಿಲಿಗೆ ಬಂದೆ. ಈಗ ನನ್ನ ಮಾತಿಗೆ ಕಾರಣ ಗೊತ್ತಾಗಿತ್ತು. ಆ ಕಾರಣ ಮುಗಿದೂ ಹೋಗಿತ್ತು. "ಬರ್ತೀನಿ" ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಹೋಗ್ತೀನಿ," ಎಂದೆ.

ಸಪ್ಪಳ ನಿಂತಿತು. ಏನೂ ಬರಲಿಲ್ಲ. ಆಯಿ ಈಗ ಎಲ್ಲ ತಿಳಿದವಳು. ಅಯ್ಯೋ ಪಾಪ ಎಂದು ಬಿಟ್ಟುಬಿಡಬಹುದು, ಇನ್ನು ಮುಂದೆ ಎಂದೂ ಬೈಯದೇ ಇರಬಹುದು ಎಂದು ನನಗೆ ಹೊಳೆಯಿತು. ಹಿಂದಿನ ದಿನ ಆಶ್ರಮದ ಕಟ್ಟೆಯ ಮೇಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ನಾನು ಹೊಸ್ತಿಲು ಬಿಡಲಿಲ್ಲ.

"ಬರ್ತೀನಿ ಅನಬೇ, ಖೋಡಿ! ಏಸ್ ಸಲಾ ಹೇಳೂದು ನಿನಗ? ಹೊತ್ತಾತು, ಏನ್ ಕಂಬಾ ನಿಂತಂಗ ನಿಂತಿ? ಬಾ, ಲಗೂನ ಬಾ ಸಂಜಿಕ!"

ಬಂತು. ನಾನು ಹೋದೆ. ಸಂಜೆ ಬಂದೆ.